ಒಲೆ ಮುಂದೆ ಹತ್ತು ನಿಮಿಷ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಮನೆಲಿ ಮಾಡೋ ಸಣ್ಣಪುಟ್ಟ ಕುರುಕಲು ತಿಂಡಿ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೆಲಿ ಒಂದೇ ಒಂದು ಸಾಲು ಹಾಕಿದ್ವಿ. ಬಂದ ಪತ್ರ ಓದ್ತಾ ಹೋದ್ರೆ ಬರೀ ಅಳತೆ ಕೇಳಿದವರು ಕಮ್ಮಿ, ಮೊದಲು ಇದ್ದ ಖುಷಿ ಈಗ ಯಾಕೆ ಇಲ್ಲ ಅಂತ ಕೇಳಿದವರೇ ಜಾಸ್ತಿ. ಹಾಗಾಗಿ ಎರಡನ್ನೂ ಸೇರಿಸಿಯೇ ಉತ್ತರ ಬರ್ದಿದೀನಿ.

ಪ್ರಶ್ನೆ: ಅಕ್ಕಾ, ಬೆಳಿಗ್ಗೆ ಎದ್ದಾಗಿಂದ ಅಡುಗೆಮನೆ, ಆಮೇಲೆ ಆಫೀಸು, ವಾಪಸ್ ಬಂದ್ರೆ ಮತ್ತೆ ಅಡುಗೆಮನೆ. ಸಂಜೆ ಮಕ್ಕಳು ಏನಾದ್ರೂ ಕೊಡಮ್ಮ ಅಂದಾಗ ಪ್ಯಾಕೆಟ್ ಕತ್ತರಿಸಿ ಕೊಟ್ಬಿಡ್ತೀನಿ, ಆಮೇಲೆ ಒಂಥರಾ ಬೇಜಾರು. ಮನೆಲೇ ಮಾಡೋಣ ಅಂದ್ರೆ ಅದು ಇನ್ನೊಂದು ಕೆಲಸ ಅನ್ಸುತ್ತೆ. ಇದ್ರಲ್ಲಿ ಖುಷಿ ಪಡೋದು ಹೇಗೆ?

ಉತ್ತರ: ಮೊದಲು, ಪ್ಯಾಕೆಟ್ ಕೊಟ್ಟಿದ್ದಕ್ಕೆ ತಪ್ಪು ಮಾಡ್ದೆ ಅಂತ ಅಂದ್ಕೋಬೇಡಿ, ಸುಸ್ತಾದವರು ಕೂತ್ಕೋಬೇಕು. ನಿಮ್ಮ ಪತ್ರ ಓದಿದಾಗ ನನಗೆ ಅನ್ಸಿದ್ದು, ತಿಂಡಿ ಅಂದ ತಕ್ಷಣ ನೀವು ಡಬ್ಬಿ ತುಂಬೋ ಲೆಕ್ಕ ಹಾಕ್ತಿದೀರಿ, ವಾರಕ್ಕೆ ಆಗೋಷ್ಟು, ಎಲ್ಲರಿಗೂ ಸಾಕಾಗೋಷ್ಟು, ಮನೆಗೆ ಯಾರಾದ್ರೂ ಬಂದ್ರೆ ಅವರಿಗೂ ಇರಲಿ ಅನ್ನೋಷ್ಟು. ಅಷ್ಟು ಮಾಡಕ್ಕೆ ಹೊರಟ್ರೆ ಅದು ಕೆಲಸವೇ. ಒಂದು ಹಿಡಿ ಮಾಡಿ ನೋಡಿ, ನಿಜವಾಗ್ಲೂ ಒಂದೇ ಹಿಡಿ, ಮಾಡಿದ ಹತ್ತು ನಿಮಿಷಕ್ಕೆ ಪಾತ್ರೆ ಖಾಲಿ ಆಗ್ಬೇಕು.

ಪಾಪ್‌ಕಾರ್ನ್‌ನಿಂದ ಶುರು ಮಾಡಿ. ದಪ್ಪ ತಳದ ಪಾತ್ರೆಗೆ ಎರಡು ಚಮಚ ಎಣ್ಣೆ, ಮೂರೇ ಮೂರು ಕಾಳು ಹಾಕಿ ಮುಚ್ಚಿಡಿ. ಆ ಮೂರೂ ಸಿಡಿದ ಮೇಲೆ ಒಂದು ಹಿಡಿ ಕಾಳು ಹಾಕಿ ಮತ್ತೆ ಮುಚ್ಚಿ, ಪಾತ್ರೆ ಕಿವಿ ಹಿಡ್ಕೊಂಡು ಆಗಾಗ ಅಲ್ಲಾಡಿಸ್ತಾ ಇರಿ. ಆ ಕಾಳಿನ ಒಳಗೆ ಸುಮಾರು 14 ಪರ್ಸೆಂಟ್ ನೀರಿರುತ್ತೆ, ಕಾದಾಗ ಅದು ಆವಿ ಆಗುತ್ತೆ ಆದ್ರೆ ಸಿಪ್ಪೆ ಗಟ್ಟಿ ಇರೋದ್ರಿಂದ ಹೊರಗೆ ಬರಕ್ಕಾಗಲ್ಲ, ಸುಮಾರು 180 ಡಿಗ್ರಿ ಸೆಲ್ಸಿಯಸ್ ಹತ್ರ ಬಂದಾಗ ಒತ್ತಡ ತಡೀಲಾರದೆ ಸಿಪ್ಪೆ ಒಡೆಯುತ್ತೆ, ಒಳಗೆ ಮೆತ್ತಗಾಗಿದ್ದ ಹಿಟ್ಟು ಒಂದೇ ಸಲ ಉಬ್ಬಿ ಹೊರಗೆ ಬಂದು ಅಲ್ಲೇ ಗಟ್ಟಿ ಆಗುತ್ತೆ. ಇದನ್ನ ಮಕ್ಕಳಿಗೆ ಹೇಳಿ, ಹೇಳ್ತಾ ಸದ್ದು ಕೇಳಿಸ್ಕೊಳ್ಳಿ. ಪೆರು ದೇಶದ ಕಡಲ ತೀರದಲ್ಲಿ 6,700 ವರ್ಷ ಹಳೇ ಮೆಕ್ಕೆಜೋಳದ ತೆನೆ ಸಿಕ್ಕಿದೆ, ಆಗಿನ ಜನ ಕೂಡ ಜೋಳ ಸಿಡಿಸಿ ತಿಂತಿದ್ರು ಅನ್ನೋದಕ್ಕೆ ಗುರುತು ಅಲ್ಲಿದೆ, ಅಂದ್ರೆ ಬೆಂಕಿ ಸುತ್ತ ಕೂತು ಈ ಸದ್ದು ಕೇಳೋದು ಎಷ್ಟು ಹಳೇದು ಅಂತ ಯೋಚ್ನೆ ಮಾಡಿ. ಸದ್ದಿನ ಮಧ್ಯೆ ಎರಡು ಮೂರು ಸೆಕೆಂಡ್ ಗ್ಯಾಪ್ ಬಂತು ಅಂದ್ರೆ ಇಳಿಸಿಬಿಡಿ, ಎಲ್ಲಾ ಕಾಳೂ ಸಿಡೀಲಿ ಅಂತ ಕಾದ್ರೆ ಕೆಳಗಿನದು ಸೀದು ಹೋಗುತ್ತೆ.

ಕಮ್ಮಿ ಮಾಡಿ ಅಂದಿದ್ದಕ್ಕೆ ಇನ್ನೊಂದು ಕಾರಣನೂ ಇದೆ. ಒಂದೇ ರುಚಿ ತಿಂತಾ ಹೋದ ಹಾಗೆ ಅದರ ಮೇಲಿನ ಆಸೆ ಇಳೀತಾ ಹೋಗುತ್ತೆ, ಬಾರ್ಬರಾ ರೋಲ್ಸ್ ಅನ್ನೋ ಸಂಶೋಧಕಿ ಮತ್ತು ಅವರ ಜೊತೆಯವರು 1981ರಲ್ಲೇ ಇದನ್ನ ಪರೀಕ್ಷೆ ಮಾಡಿ ತೋರಿಸಿದ್ರು. ಅಂದ್ರೆ ಮೊದಲಿನ ತುತ್ತುಗಳಲ್ಲೇ ಹೆಚ್ಚಿನ ಸುಖ ಇರೋದು. ದೊಡ್ಡ ಡಬ್ಬಿಲಿ ಕೈ ಹಾಕಿ ತಿಂದಾಗ ಕೊನೆಗೆ ಬಾಯಿ ಆಡ್ತಿರುತ್ತೆ, ರುಚಿ ಗೊತ್ತಾಗ್ತಿರಲ್ಲ.

ಪ್ರಶ್ನೆ: ಮೇಡಂ, ಆಲೂಗಡ್ಡೆ ಚಿಪ್ಸ್ ಎಷ್ಟು ಸಲ ಟ್ರೈ ಮಾಡಿದ್ರೂ ಹೊರಗೆ ಕಂದು ಬಣ್ಣ, ಒಳಗೆ ಮೆತ್ತಗೆ. ಎಣ್ಣೆ ಕುಡ್ಕೊಂಡು ಜೋತು ಬಿದ್ದಿರುತ್ತೆ. ಮನೆಯವರು ಏನೂ ಅನ್ನದೆ ತಿಂತಾರೆ, ಅದೇ ಜಾಸ್ತಿ ನೋವು.

ಉತ್ತರ: ನೀವು ಹೇಳಿದ ಲಕ್ಷಣ ನೋಡಿದ್ರೆ ಎರಡು ಕಡೆ ತಪ್ತಿದೆ ಅನ್ಸುತ್ತೆ, ತೊಳೆಯೋದ್ರಲ್ಲಿ ಮತ್ತೆ ಬಾಣಲೆ ತುಂಬಾ ತುಂಬೋದ್ರಲ್ಲಿ.

ಹೆಚ್ಚಿದ ಬಿಲ್ಲೆಗಳನ್ನ ತಣ್ಣೀರಿಗೆ ಹಾಕಿ, ನೀರು ಹಾಲಿನ ಥರ ಬೆಳ್ಳಗಾಗುತ್ತೆ, ಅದು ಪಿಷ್ಟ. ಆ ನೀರು ಚೆಲ್ಲಿ ಇನ್ನೊಂದು ಸಲ, ಮತ್ತೊಂದು ಸಲ, ನೀರು ತಿಳಿ ಆಗೋವರೆಗೂ. ಪಿಷ್ಟ ಉಳಿದ್ರೆ ಬಿಲ್ಲೆಗಳು ಒಂದಕ್ಕೊಂದು ಅಂಟ್ಕೊಳ್ತವೆ, ಮೇಲ್ಮೈಲಿರೋ ಸಕ್ಕರೆ ಅಂಶನೂ ತೊಳೆದು ಹೋಗ್ದೆ ಇದ್ರೆ ಒಳಗಿನ ನೀರು ಹೋಗೋದರೊಳಗೆ ಹೊರಗೆ ಕಂದು ಆಗಿಬಿಡುತ್ತೆ. ಆಲೂಗಡ್ಡೆ ಫ್ರಿಜ್ಜಲ್ಲಿ ಇಟ್ಟಿದ್ರಾ? ತುಂಬಾ ತಣ್ಣಗಿಟ್ಟಾಗ ಅದರ ಪಿಷ್ಟ ಸ್ವಲ್ಪ ಸ್ವಲ್ಪವಾಗಿ ಸಕ್ಕರೆ ಆಗ್ತಾ ಹೋಗುತ್ತೆ, ಅಂಥದ್ದು ಬೇಗ ಕಪ್ಪಾಗುತ್ತೆ, ಚಿಪ್ಸಿಗೆ ಅದು ಬೇಡ.

ಆಮೇಲೆ ಒರೆಸಬೇಕು. ಹತ್ತಿ ಬಟ್ಟೆ ಮೇಲೆ ಹರಡಿ ಮೇಲೊಂದು ಬಟ್ಟೆ ಹಾಕಿ ಒತ್ತಿ, ಕೈಗೆ ಪಸೆ ತಾಗಬಾರದು. ನೀರಿದ್ದಷ್ಟು ಹೊತ್ತು ಅದರ ಬಿಸಿ 100 ಡಿಗ್ರಿ ಆಸುಪಾಸಲ್ಲೇ ನಿಂತಿರುತ್ತೆ, ಆ ಹೊಂಬಣ್ಣ ಆ ಘಮ ಬರೋಕೆ ಸುಮಾರು 140 ಡಿಗ್ರಿ ದಾಟಬೇಕು. ಹಿಟ್ಟಿನ ಪದಾರ್ಥ ಹುರಿದಾಗ ಕರಿದಾಗ ಬರೋ ಆ ಬಣ್ಣದ ಹಿಂದಿರೋ ಕ್ರಿಯೆಯನ್ನ ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ 1912ರಲ್ಲಿ ವಿವರಿಸಿದ್ರು, ಇವತ್ತಿಗೂ ಅವರ ಹೆಸರಲ್ಲೇ ಕರೀತಾರೆ. ಎಣ್ಣೆ 170ರಿಂದ 180 ಡಿಗ್ರಿ ಇರ್ಬೇಕು. ಥರ್ಮಾಮೀಟರ್ ಇಲ್ಲಾಂದ್ರೆ ಒಂದು ಬಿಲ್ಲೆ ಬಿಟ್ಟು ನೋಡಿ, ತಕ್ಷಣ ಸುತ್ತ ಗುಳ್ಳೆ ಎದ್ದು ಮೇಲಕ್ಕೆ ಬರ್ಬೇಕು, ತಳದಲ್ಲೇ ಸುಮ್ಮನೆ ಕೂತ್ರೆ ಇನ್ನೂ ಕಾಯ್ಬೇಕು. ಒಂದೇ ಸಲ ಬಾಣಲೆ ತುಂಬಾ ಸುರಿದ್ರೆ ಎಣ್ಣೆ ತಣ್ಣಗಾಗುತ್ತೆ, ಆವಿ ಹೊರಗೆ ನುಗ್ಗೋ ರಭಸ ಕಮ್ಮಿ ಆಗುತ್ತೆ, ಕೊನೆಗೆ ಕೈಗೆ ಸಿಗೋದು ನೀವು ಹೇಳಿದ ಆ ಜೋತು ಬಿದ್ದ ಚಿಪ್ಸು. ಗುಳ್ಳೆ ಬರೋದು ಪೂರ್ತಿ ನಿಂತಾಗ ತೆಗೀರಿ, ಗುಳ್ಳೆ ನಿಂತಿತು ಅಂದ್ರೆ ಒಳಗೆ ನೀರು ಮುಗಿದಿದೆ. ಉಪ್ಪು ಬಿಸಿ ಇರುವಾಗಲೇ ಉದುರಿಸಿ, ತಣ್ಣಗಾದ್ಮೇಲೆ ಹಾಕಿದ್ರೆ ಉಪ್ಪೆಲ್ಲಾ ತಟ್ಟೆ ತಳ ಸೇರುತ್ತೆ.

ಇನ್ನೊಂದು ವಿಷ್ಯ ನನಗೆ ತುಂಬಾ ಇಷ್ಟ ಅದಕ್ಕೇ ಹೇಳ್ತೀನಿ. 2004ರಲ್ಲಿ ಮಾಸಿಮಿಲಿಯಾನೋ ಝಂಪೀನಿ ಮತ್ತು ಚಾರ್ಲ್ಸ್ ಸ್ಪೆನ್ಸ್ ಅನ್ನೋ ಇಬ್ರು ವಿಜ್ಞಾನಿಗಳು ಜನರ ಕಿವಿಗೆ ಹೆಡ್‌ಫೋನ್ ಹಾಕಿ ಚಿಪ್ಸ್ ಕಚ್ಚಿಸಿದ್ರು, ಕಚ್ಚಿದ ಸದ್ದನ್ನ ಅದರಲ್ಲೇ ಜಾಸ್ತಿ ಮಾಡಿ ಕೇಳಿಸಿದಾಗ ಅದೇ ಚಿಪ್ಸು ಇನ್ನೂ ಗರಿಗರಿಯಾಗಿದೆ, ಫ್ರೆಶ್ ಆಗಿದೆ ಅಂತ ಜನ ಹೇಳಿದ್ರು. ಗರಿ ಅನ್ನೋದು ಅರ್ಧ ಕಿವಿಲೇ ಇದೆ. ಟಿವಿ ಆಫ್ ಮಾಡಿ ಒಂದು ಸಲ ತಿಂದು ನೋಡಿ.

ಪ್ರಶ್ನೆ: ಕರಿದ ಎಣ್ಣೆ ಮತ್ತೆ ಬಳಸಬಹುದಾ?

ಉತ್ತರ: ಸೋಸಿ, ಮುಚ್ಚಿ, ಕತ್ತಲೆ ಜಾಗದಲ್ಲಿಟ್ರೆ ಒಂದೆರಡು ಸಲ ಪರವಾಗಿಲ್ಲ. ಬಣ್ಣ ಗಾಢ ಆಗಿದ್ರೆ, ನೊರೆ ಬರ್ತಿದ್ರೆ, ಅಂಟಂಟಾಗಿದ್ರೆ, ಮೊದಲಿಗಿಂತ ಬೇಗ ಹೊಗೆ ಬಂದ್ರೆ ಬಿಸಾಡಿ. ಒಲೆ ಮೇಲಿನ ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಮಾತ್ರ ಹಾಕ್ಬೇಡಿ, ಒಲೆ ಆಫ್ ಮಾಡಿ ಪಾತ್ರೆ ಮೇಲೆ ಮುಚ್ಚಳ ಮುಚ್ಚಿ, ತಣ್ಣಗಾಗೋವರೆಗೂ ತೆಗೀಬೇಡಿ.

ಪ್ರಶ್ನೆ: ಅಕ್ಕ, ನಾನು ಓದೋಕೆ ಅಂತ ಮನೆ ಬಿಟ್ಟು ರೂಮ್ ಮಾಡ್ಕೊಂಡಿರೋ ಹುಡುಗ. ಒಂದು ಸ್ಟೌ, ಒಂದು ಬಾಣಲೆ ಅಷ್ಟೇ ಇರೋದು. ಒಬ್ಬನಿಗೋಸ್ಕರ ತಿಂಡಿ ಮಾಡ್ಕೊಳ್ಳೋದು ಸುಮ್ನೆ ದಂಡ ಅಂತ ಫ್ರೆಂಡ್ಸ್ ಅಂತಾರೆ. ಹೌದಾ?

ಉತ್ತರ: ದಂಡ ಅಲ್ಲ ತಮ್ಮಾ. ನೀನೊಬ್ಬನೇ ಇದ್ದೀಯ ಅಂದ ಮಾತ್ರಕ್ಕೆ ನಿನ್ನ ಸಂಜೆ ಸಂಜೆ ಅಲ್ದೆ ಹೋಗುತ್ತಾ? ಒಬ್ಬರಿಗೆ ಅಡುಗೆ ಮಾಡೋದು ಕಷ್ಟ ನಿಜ, ಆದ್ರೆ ಒಬ್ಬರಿಗೆ ತಿಂಡಿ ಮಾಡೋದು ಸುಲಭ, ಯಾಕಂದ್ರೆ ಉಳಿಯೋದೇ ಇಲ್ಲ.

ಕಡಲೆಬೀಜ ತಗೋ, ಒಂದು ಹಿಡಿ. ಬಾಣಲೆಗೆ ಎಣ್ಣೆ ಹಾಕದೆ ಸಣ್ಣ ಉರಿಲಿ ಎಂಟು ಹತ್ತು ನಿಮಿಷ ಕೈ ಬಿಡದೆ ಆಡಿಸ್ತಾ ಇರು. ಜೋರು ಉರಿ ಇಟ್ರೆ ಸಿಪ್ಪೆ ಸೀಯುತ್ತೆ, ಒಳಗೆ ಹಸಿ ಉಳಿಯುತ್ತೆ. ಅರ್ಧ ಹುರಿದಾಗ ಒಂದೆರಡು ಚಮಚ ನೀರಿಗೆ ಚಿಟಿಕೆ ಉಪ್ಪು ಕರಗಿಸಿ ಮೇಲೆ ಚಿಮುಕಿಸಿ ಮತ್ತೆ ಹುರಿ, ನೀರು ಆರಿ ಹೋಗಿ ಉಪ್ಪು ಬೀಜಕ್ಕೇ ಅಂಟ್ಕೊಳ್ಳುತ್ತೆ. ಬಿಸಿ ಇರುವಾಗ ಬಾಯಿಗೆ ಹಾಕಿ ಅಯ್ಯೋ ಮೆತ್ತಗಿದೆ ಅಂತ ಮತ್ತೆ ಒಲೆ ಮೇಲಿಡಬೇಡ, ಕಡಲೆಬೀಜ ತಣ್ಣಗಾದ್ಮೇಲೇ ಗರಿ ಆಗೋದು. ಆ ಕಾಯೋ ಐದು ನಿಮಿಷ ರೂಮ್ ತುಂಬಾ ಘಮ ಇರುತ್ತಲ್ಲ, ಅದೂ ತಿಂಡಿಯ ಒಂದು ಭಾಗವೇ. ಅದೂ ಬೇಡ ಅಂದ್ರೆ ಬ್ರೆಡ್ಡಿಗೆ ಬೆಣ್ಣೆ ಸವರಿ ಮೇಲೆ ಸಕ್ಕರೆ ಉದುರಿಸಿ, ಬೆಣ್ಣೆ ಹಚ್ಚಿದ ಮುಖ ಕೆಳಗೆ ಮಾಡಿ ಬಾಣಲೆ ಮೇಲಿಡು, ಸಕ್ಕರೆ ಕರಗಿ ಬೆಣ್ಣೆ ಜೊತೆ ಸೇರಿ ಗಾಜಿನ ಥರ ಪದರ ಕಟ್ಟುತ್ತೆ. ಒಂದು ನಿಮಿಷ ತಡ್ಕೊಂಡು ತಿನ್ನು, ಸಕ್ಕರೆ ತುಂಬಾ ಬಿಸಿ ಇರುತ್ತೆ.

ನಿನ್ನ ಫ್ರೆಂಡ್ಸಿಗೆ ಹೇಳಕ್ಕೆ ಒಂದು ಮಾತು ಕೊಡ್ತೀನಿ. ಜನ ತಾವೇ ಕೈಯಾರೆ ಮಾಡಿದ ವಸ್ತುವಿಗೆ ಜಾಸ್ತಿ ಬೆಲೆ ಕೊಡ್ತಾರೆ ಅಂತ ಮೈಕಲ್ ನಾರ್ಟನ್, ಡೇನಿಯಲ್ ಮೋಚನ್, ಡ್ಯಾನ್ ಏರಿಯಲಿ ಮೂವರೂ ಸೇರಿ ಒಂದು ಅಧ್ಯಯನ ಮಾಡಿ 2012ರಲ್ಲಿ ಪ್ರಕಟಿಸಿದ್ರು, ಪೀಠೋಪಕರಣ ನಾವೇ ಜೋಡಿಸ್ಕೊಳ್ಳೋ ಆ ಕಂಪನಿ ಹೆಸರಲ್ಲಿ ಅದನ್ನ ಐಕಿಯಾ ಎಫೆಕ್ಟ್ ಅಂತಾರೆ. ಅದ್ರಲ್ಲಿ ಇನ್ನೊಂದು ಅಂಶ ಇತ್ತು, ಅರ್ಧಕ್ಕೆ ಬಿಟ್ಟವರಿಗೆ ಆ ಪ್ರೀತಿ ಹುಟ್ಟಲಿಲ್ಲ. ಹಾಗಾಗಿ ನೀನು ಮುಗಿಸೋಕೆ ಆಗೋ ಅಂಥ ಸಣ್ಣದನ್ನೇ ಹಿಡ್ಕೋ. ಮತ್ತೆ, ಬಾಣಲೆಯಿಂದಲೇ ನಿಂತ್ಕೊಂಡು ತಿನ್ಬೇಡ, ಒಂದು ತಟ್ಟೆಗೆ ಹಾಕ್ಕೊಂಡು ಕೂತ್ಕೋ.

ಪ್ರಶ್ನೆ: ಕಡಲೆಬೀಜದ ಚಿಕ್ಕಿ ಮಾಡಕ್ಕೆ ಹೋದ್ರೆ ಹಲ್ಲಿಗೆ ಅಂಟುತ್ತೆ, ಮುರಿಯಲ್ಲ, ಎಳೆಯುತ್ತೆ. ಸಕ್ಕರೆ ಅಳತೆ ತಪ್ಪಾ?

ಉತ್ತರ: ಅಳತೆ ಅಲ್ಲ, ಪಾಕದ ಹದ. ಸಕ್ಕರೆ ನೀರು ಕುದೀತಾ ಕುದೀತಾ ನೀರು ಹೋಗಿ ಬಿಸಿ ಏರ್ತಾ ಹೋಗುತ್ತೆ, 115 ಡಿಗ್ರಿ ಹತ್ರ ಅದು ಉಂಡೆ ಪಾಕ, ತಣ್ಣೀರಿಗೆ ಹನಿ ಬಿಟ್ರೆ ಮೆತ್ತನೆ ಉಂಡೆ ಕಟ್ಟುತ್ತೆ. ನೀವು ಅಲ್ಲೋ ಅಥವಾ ಅದಕ್ಕಿಂತ ಸ್ವಲ್ಪ ಮುಂದೆಯೋ ಇಳಿಸ್ತಿದೀರಿ. ಚಿಕ್ಕಿ ಪಟ್ ಅಂತ ಮುರೀಬೇಕು ಅಂದ್ರೆ ಸುಮಾರು 150 ಡಿಗ್ರಿವರೆಗೂ ಹೋಗ್ಬೇಕು. ಬಟ್ಟಲಲ್ಲಿ ತಣ್ಣೀರಿಟ್ಕೊಂಡು ಹನಿ ಬಿಡಿ, ಹನಿ ಗಟ್ಟಿ ಆಗಿ ಬಗ್ಗಿಸಿದ್ರೆ ಗಾಜಿನ ಹಾಗೆ ಮುರೀಬೇಕು, ಬಗ್ಗಿದ್ರೆ ಇನ್ನೂ ಹೊತ್ತಿದೆ. ಅಲ್ಲಿಂದ ಸೀದು ಹೋಗೋಕೆ ಜಾಸ್ತಿ ಹೊತ್ತು ಬೇಡ, ಹಾಗಾಗಿ ಕಡಲೆಬೀಜ ಹುರಿದು, ತಟ್ಟೆಗೆ ಬೆಣ್ಣೆ ಸವರಿ ಎಲ್ಲಾ ರೆಡಿ ಇಟ್ಕೊಂಡೇ ಶುರು ಮಾಡಿ, ಫೋನ್ ಬಂದ್ರೂ ಎತ್ಬೇಡಿ. ಇಳಿಸಿದ ತಕ್ಷಣ ಚಿಟಿಕೆ ಅಡುಗೆ ಸೋಡಾ ಹಾಕಿದ್ರೆ ಸಣ್ಣ ಸಣ್ಣ ಗುಳ್ಳೆ ಎದ್ದು ಚಿಕ್ಕಿ ಹಗುರ ಆಗುತ್ತೆ, ಕಚ್ಚೋಕೆ ಸುಲಭ. ಮಳೆ ಹಿಡಿದ ದಿನ ಮಾಡ್ಬೇಡಿ, ಸಕ್ಕರೆ ಗಾಳಿಲಿರೋ ತೇವ ಎಳ್ಕೊಂಡು ಅಂಟಂಟಾಗುತ್ತೆ.

ಒಂದು ಎಚ್ಚರಿಕೆ ನನ್ನ ಅನುಭವದಿಂದ. ವರ್ಷಗಳ ಹಿಂದೆ ಹದ ನೋಡೋ ಆತುರದಲ್ಲಿ ಚಮಚದಲ್ಲಿದ್ದ ಪಾಕ ಬೆರಳಿಗೆ ತಾಗಿ ಅಂಟ್ಕೊಂಡುಬಿಡ್ತು, ಕುದಿಯೋ ನೀರು ಜಾರಿ ಹೋಗುತ್ತೆ ಆದ್ರೆ ಪಾಕ ಜಾರಲ್ಲ, ಅಲ್ಲೇ ಕೂತು ಸುಡುತ್ತೆ. ಗಾಯ ವಾಸಿ ಆಗೋಕೆ ಎರಡು ವಾರ ಹಿಡೀತು. ಹಾಗೇನಾದ್ರೂ ಆದ್ರೆ ತಕ್ಷಣ ನಲ್ಲಿ ಕೆಳಗೆ ಕೈ ಹಿಡಿದು 20 ನಿಮಿಷ ತಣ್ಣೀರು ಬಿಡಿ, ಐಸು ಬೆಣ್ಣೆ ಏನೂ ಹಚ್ಬೇಡಿ. ಗಾಯ ದೊಡ್ಡದಿದ್ರೆ ಡಾಕ್ಟರ್ ಹತ್ರ ಹೋಗಿ.

ಪ್ರಶ್ನೆ: ನಾಲ್ಕು ವರ್ಷದ ಮಗಳು ನಾನೂ ಮಾಡ್ತೀನಿ ಅಂತ ಸ್ಟೂಲ್ ಎಳ್ಕೊಂಡು ಬರ್ತಾಳೆ. ಹಿಟ್ಟೆಲ್ಲಾ ನೆಲದ ಮೇಲೆ. ಬಿಡ್ಲಾ ಬೇಡ್ವಾ?

ಉತ್ತರ: ಬಿಡಿ. ನೆಲ ಒರೆಸೋಕೆ ಐದು ನಿಮಿಷ ಸಾಕು. ಕಲಸೋದು, ಲಟ್ಟಿಸೋದು, ಲೋಟ ಒತ್ತಿ ಬಿಲ್ಲೆ ಮಾಡೋದು ಅವಳಿಗೆ, ಎಣ್ಣೆ ಪಾಕ ಓವನ್ ನಿಮಗೆ, ಇದನ್ನ ಮೊದಲೇ ಮಾತಾಡ್ಕೊಳ್ಳಿ. ಹಸಿ ಹಿಟ್ಟು ಬಾಯಿಗೆ ಹಾಕೋಕೆ ಬಿಡ್ಬೇಡಿ, ಬೇಯಿಸದ ಹಿಟ್ಟಲ್ಲಿ ಮತ್ತೆ ಹಸಿ ಮೊಟ್ಟೇಲಿ ಹೊಟ್ಟೆ ಕೆಡಿಸೋ ಬ್ಯಾಕ್ಟೀರಿಯಾ ಇರಬಹುದು. ಇಡೀ ಕಡಲೆಬೀಜ, ಪಾಪ್‌ಕಾರ್ನ್ ಈ ವಯಸ್ಸಿಗೆ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳೋ ಅಪಾಯ ಇದೆ, ಐದು ವರ್ಷ ತುಂಬಲಿ. ಮೇಲೆ ಮೊದಲನೇ ಉತ್ತರದಲ್ಲಿ ಪಾಪ್‌ಕಾರ್ನ್ ಬರ್ದಿರೋದು ದೊಡ್ಡ ಮಕ್ಕಳಿರೋ ಮನೆಗೆ.

ಪ್ರಶ್ನೆ: ಅಮ್ಮ ಹೋಗಿ ಒಂದು ವರ್ಷ ಆಯ್ತು. ಅಮ್ಮ ಮಾಡ್ತಿದ್ದ ಬೆಣ್ಣೆ ಬಿಸ್ಕತ್ತು ಎಷ್ಟು ಮಾಡಿದ್ರೂ ಆ ರುಚಿ ಬರ್ತಿಲ್ಲ. ಅಳತೆ ಎಲ್ಲೂ ಬರೆದಿಟ್ಟಿಲ್ಲ. ಓವನ್ ಬಾಗಿಲು ತೆಗೆದಾಗ ವಾಸನೆ ಬಂದು ಅಳು ಬರುತ್ತೆ, ಮಾಡೋದೇ ಬಿಟ್ಟುಬಿಡ್ಲಾ ಅನ್ಸುತ್ತೆ.

ಉತ್ತರ: ನಿಮ್ಮ ಪತ್ರ ಓದಿ ಸ್ವಲ್ಪ ಹೊತ್ತು ಏನೂ ಬರಿಯೋಕಾಗ್ಲಿಲ್ಲ. ವಾಸನೆಗೆ ಅಳು ಬರೋದು ನಿಮ್ಮ ದೌರ್ಬಲ್ಯ ಅಲ್ಲ. ಮೂಗಿನಿಂದ ಹೋಗೋ ಸುದ್ದಿ ಮೆದುಳಲ್ಲಿ ನೆನಪು ಮತ್ತು ಭಾವನೆ ನೋಡ್ಕೊಳ್ಳೋ ಭಾಗಗಳಿಗೆ ತುಂಬಾ ಹತ್ತಿರದ ದಾರಿಲಿ ಹೋಗುತ್ತೆ, ಕಣ್ಣು ಕಿವಿಯ ಸುದ್ದಿ ಅಷ್ಟು ನೇರವಾಗಿ ಹೋಗಲ್ಲ. ಅದಕ್ಕೇ ಫೋಟೋ ನೋಡಿದಾಗ ತಡ್ಕೊಂಡವರು ವಾಸನೆಗೆ ಕರಗಿಬಿಡ್ತಾರೆ.

ಅಳತೆ ಹುಡುಕೋಕೆ ಒಂದು ದಾರಿ ಇದೆ. ತೂಕದಲ್ಲಿ ಒಂದು ಪಾಲು ಸಕ್ಕರೆ, ಎರಡು ಪಾಲು ಬೆಣ್ಣೆ, ಮೂರು ಪಾಲು ಮೈದಾ, ಅಂದ್ರೆ 50 ಗ್ರಾಂ, 100 ಗ್ರಾಂ, 150 ಗ್ರಾಂ, ಜೊತೆಗೆ ಚಿಟಿಕೆ ಉಪ್ಪು, ಇದು ಬೆಣ್ಣೆ ಬಿಸ್ಕತ್ತಿನ ತುಂಬಾ ಹಳೇ ಲೆಕ್ಕ. ಇಲ್ಲಿಂದ ಶುರು ಮಾಡಿ, 160ರಿಂದ 170 ಡಿಗ್ರಿಲಿ 20 ನಿಮಿಷದ ಮೇಲೆ ಅಂಚು ನೋಡ್ತಾ ಇರಿ. ಅಮ್ಮನದು ಇನ್ನೂ ಗರಿ ಇತ್ತಾ, ಹಾಗಿದ್ರೆ ಸಕ್ಕರೆ ಸ್ವಲ್ಪ ಜಾಸ್ತಿ ಮಾಡಿ. ಬಾಯಲ್ಲಿಟ್ರೆ ಪುಡಿ ಆಗ್ತಿತ್ತಾ, ಹಾಗಾದ್ರೆ ಹಿಟ್ಟು ಕಲಸೋದು ಕಮ್ಮಿ ಮಾಡಿ, ಜಾಸ್ತಿ ನಾದಿದ್ರೆ ಮೈದಾ ಬಿಗಿ ಆಗುತ್ತೆ. ಬಣ್ಣ ಗಾಢ ಇದ್ರೆ ಅವರು ಇನ್ನೂ ನಾಲ್ಕೈದು ನಿಮಿಷ ಜಾಸ್ತಿ ಬಿಡ್ತಿದ್ರು ಅಂತ ಅರ್ಥ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಒಂದು ನೋಟ್‌ಬುಕ್ಕಲ್ಲಿ ಬರೆದಿಡಿ. ಪೂರ್ತಿ ಅದೇ ರುಚಿ ಬರದೇ ಇರಬಹುದು, ಅವರ ಓವನ್, ಅವರು ತರ್ತಿದ್ದ ಬೆಣ್ಣೆ, ಅವರ ಕೈ ಬಿಸಿ ಎಲ್ಲಾ ಅದ್ರಲ್ಲಿ ಸೇರಿತ್ತು. ಆದ್ರೂ ಮಾಡೋದು ಬಿಡ್ಬೇಡಿ. ಅಳು ಬಂದ್ರೆ ಬರಲಿ, ಬಿಸ್ಕತ್ತು ತಣ್ಣಗಾಗೋಕೆ ಹೇಗೂ ಹದಿನೈದು ನಿಮಿಷ ಬೇಕು.

ಪ್ರಶ್ನೆ: ನಾನು ನಿವೃತ್ತ ಮೇಷ್ಟ್ರು. ಬಿಪಿ ಇದೆ, ಶುಗರ್ ಬಾರ್ಡರ್‌ನಲ್ಲಿದೆ. ಸಂಜೆ ಕುರುಕಲು ಪೂರ್ತಿ ಬಂದ್ ಮಾಡಿಸಿದ್ದಾರೆ ಮನೆಯಲ್ಲಿ. ಏನೂ ದಾರಿ ಇಲ್ವಾ?

ಉತ್ತರ: ಸರ್, ಎಷ್ಟು ತಿನ್ನಬಹುದು ಅನ್ನೋದನ್ನ ನಿಮ್ಮ ಡಾಕ್ಟರೇ ಹೇಳ್ಬೇಕು. ದೊಡ್ಡವರಿಗೆ ದಿನಕ್ಕೆ ಉಪ್ಪು 5 ಗ್ರಾಂಗಿಂತ ಕಮ್ಮಿ ಇರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅದು ಒಂದು ಟೀ ಚಮಚಕ್ಕಿಂತ ಕಮ್ಮಿ, ಊಟದ್ದೂ ಸೇರಿ. ಮನೇಲಿ ಮಾಡಿದ್ರೆ ಆ ಲೆಕ್ಕ ನಿಮ್ಮ ಕೈಲಿರುತ್ತೆ, ಅದೇ ದೊಡ್ಡ ಲಾಭ. ಉಪ್ಪನ್ನ ಒಳಗೆ ಕಲಸದೆ ನುಣ್ಣಗೆ ಪುಡಿ ಮಾಡಿ ಕೊನೆಗೆ ಮೇಲೆ ಉದುರಿಸಿದ್ರೆ ನಾಲಿಗೆಗೆ ಮೊದಲು ಅದೇ ತಾಗುತ್ತೆ, ಕಮ್ಮಿ ಉಪ್ಪೇ ಸಾಕು ಅನ್ಸುತ್ತೆ. ಹುರಿದ ಕಡಲೆಬೀಜಕ್ಕೆ ನಿಂಬೆರಸ, ಮೆಣಸಿನ ಪುಡಿ ಹಾಕಿದ್ರೆ ಉಪ್ಪಿಲ್ಲದೇ ಇದ್ರೂ ರುಚಿ. ಮನೆಯವರಿಗೆ ಹೇಳಿ, ಪೂರ್ತಿ ಬಂದ್ ಮಾಡೋ ಬದಲು ಸಣ್ಣ ಬಟ್ಟಲಲ್ಲಿ ಅಳೆದು ಕೊಡಿ ಅಂತ. ಹುರಿಯೋ ಕೆಲಸ ನೀವೇ ತಗೊಳ್ಳಿ.

ಪ್ರಶ್ನೆ: ಆಂಟಿ ನಾನು ಏಳನೇ ಕ್ಲಾಸ್. ಗ್ಯಾಸ್ ಹಚ್ಚೋಕೆ ಅಮ್ಮ ಬಿಡಲ್ಲ. ಮನೆಲಿ ತುಂಬಾ ಹಣ್ಣಾಗಿರೋ ಬಾಳೆಹಣ್ಣು ಇದೆ ಯಾರೂ ತಿಂತಿಲ್ಲ. ಏನಾದ್ರೂ ಮಾಡ್ಬಹುದಾ?

ಉತ್ತರ: ಅಂಥ ಹಣ್ಣೇ ಬೇಕು ಪುಟ್ಟಿ! ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಬಂದಿದೆ ಅಂದ್ರೆ ಪಿಷ್ಟ ಎಲ್ಲಾ ಸಕ್ಕರೆ ಆಗಿದೆ, ಮೇಲಿಂದ ಸಕ್ಕರೆ ಹಾಕೋದೇ ಬೇಡ. ಸಿಪ್ಪೆ ತೆಗೆದು ಬಿಲ್ಲೆ ಬಿಲ್ಲೆ ಕತ್ತರಿಸಿ ತಟ್ಟೇಲಿ ಒಂದಕ್ಕೊಂದು ತಾಗದ ಹಾಗೆ ಇಟ್ಟು ಫ್ರೀಜರಿಗೆ ಹಾಕು, ಒಂದು ರಾತ್ರಿ ಇರಲಿ. ಮಾರನೇ ದಿನ ಅಮ್ಮನ ಜೊತೆ ನಿಂತ್ಕೊಂಡು ಮಿಕ್ಸಿಗೆ ಹಾಕಿ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಮೊದಲು ಪುಡಿ ಪುಡಿ ಆಗುತ್ತೆ, ಕೆಟ್ಟು ಹೋಯ್ತು ಅಂದ್ಕೋಬೇಡ, ಚಮಚದಲ್ಲಿ ಅಂಚು ಕೆರೆದು ಮತ್ತೆ ತಿರುಗಿಸಿ, ಇದ್ದಕ್ಕಿದ್ದ ಹಾಗೆ ಐಸ್‌ಕ್ರೀಮ್ ಥರ ನುಣ್ಣಗೆ ಆಗ್ಬಿಡುತ್ತೆ. ಹಾಲು ಬೇಡ, ಕ್ರೀಮ್ ಬೇಡ. ಬೇಗ ಕರಗುತ್ತೆ ಅದಕ್ಕೆ ಬಟ್ಟಲುಗಳನ್ನ ಮೊದಲೇ ಜೋಡಿಸಿಟ್ಟು, ಎಲ್ಲರನ್ನೂ ಕರೆದು ಕೂರಿಸಿ ಆಮೇಲೆ ಮಿಕ್ಸಿ ಆನ್ ಮಾಡಿ.